ಲೋಫೋಟೆನ್: ಸೇತುವೆಯ ಮೇಲಿನ ಕ್ಯಾಮೆರಾಗಳೂ ಗಳಗಳ ಮೇಲಿನ ಮೀನೂ

ನಾರ್ವೆ ದೇಶದ ಪಶ್ಚಿಮ ಕರಾವಳಿಯನ್ನು ಹಿಡಿದು ಉತ್ತರಧ್ರುವವೃತ್ತವನ್ನು ದಾಟಿ ಇನ್ನೂ ಮೇಲಕ್ಕೆ ಹೋದರೆ, ಕಡಲಿನೊಳಗಿಂದ ನೆಟ್ಟಗೆ ಎದ್ದುನಿಂತ ಶಿಖರಗಳ ಸಾಲೊಂದು ಮುಖ್ಯಭೂಮಿಯನ್ನು ಬಿಟ್ಟು ನೈರುತ್ಯದ ಕಡೆಗೆ ಚಾಚಿಕೊಂಡಿರುವುದು ಕಾಣುತ್ತದೆ. ಅದೇ ಲೋಫೋಟೆನ್ ದ್ವೀಪಸಮೂಹ. ಇ-10 ಎಂಬ ಹೆದ್ದಾರಿಯು ದ್ವೀಪದಿಂದ ದ್ವೀಪಕ್ಕೆ ಸೇತುವೆಗಳ ಮೇಲೂ ಸುರಂಗಗಳ ಒಳಗೂ ಸಾಗಿ, ಕೊನೆಗೆ 'ಓ' ಎಂಬ ಪುಟ್ಟ ಹಳ್ಳಿಯಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ನೆಲವಿದ್ದರೂ ದಾರಿಯಿಲ್ಲ. ಆ ಕೊನೆಗೆ ಸ್ವಲ್ಪ ಮುಂಚೆ, ಒಂದು ಖಾರಿಯ ಬಾಯಿಯಲ್ಲಿ, ಹಾಮ್ನೊಯ್, ಸಾಕ್ರಿಸೊಯ್, ರೈನೆ ಎಂಬ ಮೂರು ಮೀನುಗಾರರ ಊರುಗಳು ಸಣ್ಣ ಸಣ್ಣ ಸೇತುವೆಗಳಿಂದ ಒಂದನ್ನೊಂದು ಹಿಡಿದುಕೊಂಡಿವೆ. ಇವು ಸೇರಿರುವ ಮೋಸ್ಕೆನೆಸ್ ಪುರಸಭೆಯ ಒಟ್ಟು ಜನಸಂಖ್ಯೆ ಸಾವಿರದ ಆಸುಪಾಸಿನದು. ಆದರೆ ಜಗತ್ತಿನಲ್ಲಿ ಕ್ಯಾಮೆರಾ ಹಿಡಿದು ತಿರುಗುವವರಲ್ಲಿ ಈ ಮೂರು ಊರುಗಳ ಚಿತ್ರವನ್ನು ಕಾಣದವರು ವಿರಳ.

ಇಲ್ಲಿನ ಬೆಟ್ಟಗಳ ಶಿಲೆಯಲ್ಲಿ ಬಹುಭಾಗ ಅತ್ಯಂತ ಪ್ರಾಚೀನವಾದುದು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಭೂವಿಜ್ಞಾನಿಗಳು ಗುರುತಿಸುವ ಚಾರ್ನೊಕೈಟ್ ಎಂಬ ಕಲ್ಲು ಇಲ್ಲಿಯೂ ಉಂಟೆಂಬುದನ್ನು ತಿಳಿದಾಗ, ಇಷ್ಟು ದೂರದ ಆ ಕಪ್ಪುಬಂಡೆಗಳ ಮೇಲೆ ನನಗೆ ಒಂದು ಬಗೆಯ ಬಾಂಧವ್ಯವೇ ಹುಟ್ಟಿತು. ನಮ್ಮ ಬೆಟ್ಟಗಳನ್ನು ಮಳೆಯೂ ಕಾಡೂ ತಿದ್ದಿ ದುಂಡಗೆ ಮಾಡಿವೆ; ಇವನ್ನು ಹಿಮನದಿಗಳು ಕೆತ್ತಿ ಚೂಪುಗೊಳಿಸಿವೆ.

ಮಾರ್ಚ್ ತಿಂಗಳ ನಸುಕಿನಲ್ಲಿ ಹಾಮ್ನೊಯ್ ಸೇತುವೆಯ ಕಟಾಂಜನಕ್ಕೆ ಒತ್ತಿಕೊಂಡು ಟ್ರೈಪಾಡುಗಳ ಸಾಲು ನಿಂತಿತ್ತು. ನಾನಾ ದೇಶಗಳ ಜನರು, ಒಬ್ಬರ ಭುಜ ಒಬ್ಬರಿಗೆ ತಗುಲುವಷ್ಟು ಹತ್ತಿರದಲ್ಲಿ, ಕೈಗವಸಿನ ಬೆರಳತುದಿಯನ್ನು ಮಾತ್ರ ಬಿಚ್ಚಿಕೊಂಡು, ಎಲ್ಲರೂ ಒಂದೇ ದಿಕ್ಕಿಗೆ ಕ್ಯಾಮೆರಾ ತಿರುಗಿಸಿ ಕಾಯುತ್ತಿದ್ದರು. ಎದುರಿಗೆ, ನೀರಿನೊಳಕ್ಕೆ ನೆಟ್ಟ ಮರದ ಕಂಬಗಳ ಮೇಲೆ, ಕೆಂಪು ಬಣ್ಣದ ಮರದ ಮನೆಗಳು; ಅವುಗಳ ಬೆನ್ನಿಗೆ ಹಿಮ ಹೊದ್ದ ಶಿಖರ; ಕೆಳಗೆ, ಬಂಡೆಗಳ ಸುತ್ತ ಉಬ್ಬಿ ಇಳಿಯುವ ಕಡಲು. ಇವು ಮೂರೂ ಒಂದೇ ಚೌಕಟ್ಟಿನೊಳಗೆ ತಮ್ಮ ತಮ್ಮ ಸ್ಥಾನದಲ್ಲಿ ಒದಗಿ ಬರುವುದು ಈ ಸೇತುವೆಯ ಎತ್ತರದಿಂದಲೇ ಆದಕಾರಣ, ಬಂದವರೆಲ್ಲರೂ ಇಲ್ಲಿಯೇ ನಿಲ್ಲುವರು. ಲೆನ್ಸಿನ ಮುಂದೆ ಬೂದುಬಣ್ಣದ ಗಾಜನ್ನು ಸಿಕ್ಕಿಸಿ, ಶಟರನ್ನು ಅರ್ಧ ನಿಮಿಷದಷ್ಟು ಕಾಲ ತೆರೆದಿಟ್ಟರೆ, ಅಲೆಗಳೆಲ್ಲ ಕರಗಿ ನೀರು ಹೊಗೆಯ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಮೀನು ತುಂಬಿದ ಲಾರಿಯೊಂದು ಸೇತುವೆಯನ್ನು ಹಾಯ್ದರೆ ಕಟಾಂಜನ ನಡುಗಿ ಸಾಲಿಗೆ ಸಾಲೇ ತೆಗೆದ ಚಿತ್ರಗಳು ಕೆಟ್ಟುಹೋಗುವುವು. ಮತ್ತೆ ಮೊದಲಿನಿಂದ ಕಾಯಬೇಕು. ಆ ಬೆಳಿಗ್ಗೆ ಹಾಗೆ ಆದಾಗ ಅಲ್ಲೊಬ್ಬ ತರುಣನ ಮುಖದಲ್ಲಿ ಮೂಡಿದ ವ್ಯಥೆಯನ್ನು ಕಂಡು ನನಗೂ ವ್ಯಥೆಯಾಯಿತು.

ಅವರು ಬರುವುದು ಬೆಳಕಿಗಾಗಿ, ಮತ್ತು ಆ ಬೆಳಕು ಸ್ತುತ್ಯರ್ಹವಾದುದೇ ಹೌದು. ಉಷ್ಣವಲಯದ ನಮ್ಮ ಸೂರ್ಯನು ನೆಟ್ಟಗೆ ಮೇಲೇರಿ ಅರ್ಧ ಗಂಟೆಯೊಳಗೆ ಬೆಳಗಿನ ಹೊನ್ನನ್ನೆಲ್ಲ ಮುಗಿಸಿಬಿಡುವನು. ಇಲ್ಲಿ, 68ನೆಯ ಅಕ್ಷಾಂಶದ ಬಳಿಯಲ್ಲಿ, ಅವನು ಕ್ಷಿತಿಜವನ್ನು ಸವರಿಕೊಂಡು ಓರೆಯಾಗಿ ಏರುತ್ತಾನೆ. ಮಾರ್ಚ್ 20ರ ಸುಮಾರಿಗೆ ನಡುಹಗಲಿನಲ್ಲಿಯೂ ಅವನ ಎತ್ತರ 22 ಡಿಗ್ರಿಯನ್ನು ಮೀರುವುದಿಲ್ಲ. ಆದುದರಿಂದ ಹಿಮದ ಮೇಲೆ ಮೊದಲು ನೀಲಿ, ಬಳಿಕ ಗುಲಾಬಿ, ಬಳಿಕ ಜೇನಿನ ಬಣ್ಣ ಹೀಗೆ ಒಂದೊಂದೇ ನಿಧಾನವಾಗಿ ಬಂದು, ನಿಂತು, ಹೋಗುತ್ತವೆ. ಡಿಸೆಂಬರ್ ಮೊದಲ ಭಾಗದಿಂದ ಜನವರಿ ಮೊದಲ ಭಾಗದವರೆಗೆ ಸೂರ್ಯನು ಮುಖ ತೋರುವುದೇ ಇಲ್ಲ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಮುಳುಗುವುದೇ ಇಲ್ಲ. ಇರುಳಿನ ಕತ್ತಲಿರುವ ತಿಂಗಳುಗಳಲ್ಲಿ, ಆಕಾಶ ತಿಳಿಯಾಗಿದ್ದರೆ, ಉತ್ತರದ ಜ್ಯೋತಿಯು ಹಸಿರು ಪರದೆಯನ್ನು ಬೀಸುತ್ತದೆ. ಇಷ್ಟೆಲ್ಲ ಉತ್ತರದಲ್ಲಿದ್ದರೂ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವು ತೀರವನ್ನು ಸೋಕಿ ಹರಿಯುವುದರಿಂದ ಕಡಲು ಹೆಪ್ಪುಗಟ್ಟುವುದಿಲ್ಲ. ಹಿಮದ ಬೆಟ್ಟವೂ ತೆರೆದ ನೀರೂ ಒಂದೇ ಚಿತ್ರದಲ್ಲಿ ದೊರೆಯುವುದಕ್ಕೆ ಅದೇ ಕಾರಣ.

ಈ ದೇಶದಲ್ಲಿ ಭೂದೃಶ್ಯದ ಛಾಯಾಗ್ರಹಣ ಇಂದು ನಿನ್ನೆಯದಲ್ಲ. ಓಡ್ಡಾ ಎಂಬಲ್ಲಿ 1832ರಲ್ಲಿ ಹುಟ್ಟಿ ಬರ್ಗೆನ್ ನಗರದಲ್ಲಿ ನೆಲಸಿದ ಕ್ನುಡ್ ಕ್ನುಡ್ಸೆನ್, ಒದ್ದೆ ಗಾಜಿನ ಫಲಕದ ಮೇಲೆ ಚಿತ್ರ ತೆಗೆದು ಅದು ಒಣಗುವುದರೊಳಗಾಗಿ ಕತ್ತಲ ಗುಡಾರದಲ್ಲಿ ತೊಳೆಯಬೇಕಾಗಿದ್ದ ಕಾಲದಲ್ಲಿ, ಆ ಭಾರವನ್ನೆಲ್ಲ ಹೇರಿಕೊಂಡು ನಾರ್ವೆಯ ಕಣಿವೆ ಖಾರಿಗಳನ್ನು ಸುತ್ತಿದವನು. ಅವನ ತರುವಾಯ ಬಂದ ಆಂಡರ್ಸ್ ಬೇರ್ ವಿಲ್ಸೆ ಅಮೆರಿಕದಲ್ಲಿ ವೃತ್ತಿಯನ್ನು ಆರಂಭಿಸಿ 1900ರಲ್ಲಿ ತಾಯ್ನಾಡಿಗೆ ಮರಳಿ, ಲೋಫೋಟೆನ್ನಿನ ಮೀನುಗಾರಿಕೆಯನ್ನೂ ತನ್ನ ಕ್ಯಾಮೆರಾದಲ್ಲಿ ಹಿಡಿದನು. ವಿಲ್ಸೆಯ ಚಿತ್ರಗಳಲ್ಲಿ ಬೆಟ್ಟವಿದೆ, ಕಡಲಿದೆ, ಅವುಗಳ ಮುಂದೆ ದೋಣಿಯೂ ಬಲೆಯೂ ದುಡಿಯುವ ಮನುಷ್ಯರೂ ಇದ್ದಾರೆ. ಸೇತುವೆಯ ಮೇಲಿನ ಈಗಿನ ಚಿತ್ರಗಳಲ್ಲಿ ಆ ಮನುಷ್ಯನೊಬ್ಬನು ಮಾತ್ರ ಕಾಣೆಯಾಗಿದ್ದಾನೆ. ನನ್ನ ಮನಸ್ಸಿಗೆ ಹತ್ತಿದ ಕೊರಗು ಇದೊಂದೇ.

ಏಕೆಂದರೆ ಅವನನ್ನು ಹುಡುಕಲು ದೂರ ಹೋಗಬೇಕಾದುದಿಲ್ಲ. ಸೇತುವೆಯನ್ನು ಬಿಟ್ಟು ರೈನೆಯ ಕಡೆಗೆ ನಡೆದರೆ, ದಾರಿಯ ಪಕ್ಕದಲ್ಲಿಯೇ, ಒರಟು ಮರದ ಗಳಗಳನ್ನು ಹೂಡಿ ಕಟ್ಟಿದ ಎತ್ತರವಾದ ಚಪ್ಪರಗಳಿವೆ. ಇಲ್ಲಿನವರು ಅವನ್ನು 'ಯೆಲ್' ಎನ್ನುವರು. ಬಾರೆಂಟ್ಸ್ ಸಮುದ್ರದ ಕಾಡ್ ಮೀನು ಜನವರಿಯಿಂದ ಏಪ್ರಿಲ್‌ವರೆಗೆ ಮೊಟ್ಟೆಯಿಡುವುದಕ್ಕೆಂದು ಈ ದ್ವೀಪಗಳ ಒಳಗಡಲಿಗೆ ಬರುತ್ತದೆ. ಹಿಡಿದ ಮೀನಿನ ತಲೆಯನ್ನು ಬೇರ್ಪಡಿಸಿ, ಹೊಟ್ಟೆಯನ್ನು ಶುದ್ಧಮಾಡಿ, ಎರಡೆರಡು ಮೀನುಗಳನ್ನು ಬಾಲಕ್ಕೆ ಬಾಲ ಕಟ್ಟಿ ಈ ಗಳಗಳ ಮೇಲೆ ಜೋತುಬಿಡುತ್ತಾರೆ. ಮಲ್ಪೆಯ ಒಣಮೀನನ್ನು ಬಲ್ಲವರಿಗೆ ಆಶ್ಚರ್ಯವಾಗುವಂತೆ, ಇಲ್ಲಿ ಉಪ್ಪಿನ ಒಂದು ಹರಳನ್ನೂ ಬಳಸುವುದಿಲ್ಲ. ಉಷ್ಣತೆಯು ಸೊನ್ನೆಯ ಆಸುಪಾಸಿನಲ್ಲಿಯೇ ಸುಳಿದಾಡುವುದರಿಂದ ಮಾಂಸವು ಕೊಳೆಯುವಷ್ಟು ಸೆಕೆಯೂ ಇಲ್ಲ, ಹೆಪ್ಪುಗಟ್ಟಿ ನಾರು ಸಿಡಿಯುವಷ್ಟು ಚಳಿಯೂ ಇಲ್ಲ. ನೊಣಗಳು ಏಳುವ ಹೊತ್ತಿಗೆ ಮೇಲ್ಮೈ ಗಟ್ಟಿಯಾಗಿರುತ್ತದೆ. ಮೇ, ಜೂನ್ ಬರುವಷ್ಟರಲ್ಲಿ ಗಾಳಿಯೇ ನೀರನ್ನೆಲ್ಲ ಹೀರಿ, ಐದು ಕಿಲೋ ಮೀನು ಸುಮಾರು ಒಂದು ಕಿಲೋ ಆಗಿ, ಮರದ ತುಂಡಿನಷ್ಟು ಗಟ್ಟಿಯಾಗಿ ಇಳಿಯುತ್ತದೆ.

ಚಪ್ಪರದ ಕೆಳಗೆ ಕತ್ತೆತ್ತಿ ಮೀನುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ, ಅರವತ್ತು ದಾಟಿದ ಒಬ್ಬರು ನನ್ನನ್ನು ಮಾತಿಗೆಳೆದರು. ಅವರು 'ವ್ರಾಕರ್', ಅಂದರೆ ಒಣಮೀನಿನ ದರ್ಜೆ ಕಟ್ಟುವವರು. ಮಾತು ಆರಂಭವಾದ ಮೇಲೆ ಅದು ನಿಲ್ಲಲಿಲ್ಲ. ನನಗೂ ನಿಲ್ಲಿಸುವ ಮನಸ್ಸಾಗಲಿಲ್ಲ. ಹುಡುಗನಾಗಿದ್ದಾಗ, ಈ ಊರುಗಳ ಎಲ್ಲ ಮಕ್ಕಳಂತೆ, ಶಾಲೆ ಬಿಟ್ಟೊಡನೆ ಬಂದರಿಗೆ ಓಡಿ ಮೀನಿನ ನಾಲಗೆಗಳನ್ನು ಕೊಯ್ದು ಮಾರಿ ಸ್ವಂತದ ಹಣ ಗಳಿಸಿದುದು ಅವರ ಮೊದಲ ವೃತ್ತಿ. ಆ ಪದ್ಧತಿ ಇಂದಿಗೂ ಉಂಟು. ಬಳಿಕ ಹಿರಿಯ ವ್ರಾಕರ್ ಒಬ್ಬರ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಕಣ್ಣು, ಕೈ, ಮೂಗು ಮೂರನ್ನೂ ಪಳಗಿಸಿಕೊಂಡರು. ಒಣಗಿದ ಮೀನನ್ನು ಬೆಳಕಿಗೆ ಹಿಡಿದು ಕತ್ತಿನ ಬಳಿ ರಕ್ತದ ಕಲೆಯಿದೆಯೇ, ಕೊಕ್ಕೆಯ ಗಾಯವಿದೆಯೇ ಎಂದು ನೋಡುವರು. ಹೊಟ್ಟೆಯ ಒಳಮೈಯನ್ನು ಬೆರಳಿನಿಂದ ಸವರಿ ಶೀತ ಹೊಡೆದಿದೆಯೇ ಎಂದು ಅರಿಯುವರು. ಮೂಸಿ ಹುಳಿಯನ್ನು ಕಂಡುಹಿಡಿಯುವರು. ಇಷ್ಟೆಲ್ಲ ನಡೆಯುವುದು ಕೆಲವೇ ಕ್ಷಣಗಳಲ್ಲಿ. ಅಷ್ಟರೊಳಗೆ ಆ ಮೀನು ಇಪ್ಪತ್ತರಷ್ಟು ದರ್ಜೆಗಳಲ್ಲಿ ತನ್ನದನ್ನು ಸೇರಿರುತ್ತದೆ. ಉದ್ದವಾಗಿ, ತೆಳ್ಳಗೆ, ಕಳಂಕವಿಲ್ಲದೆ ಇರುವುದು 'ರಾಞೊ'; ಇಟಲಿಯ ವಿಚೆನ್ಸಾ ನಗರದವರು ತಮ್ಮ ಹೆಸರಾಂತ ಅಡುಗೆಗೆ ಅದನ್ನೇ ಬಯಸುವರು. ತಲೆಗಳನ್ನು ಬೇರೆಯಾಗಿ ಪೋಣಿಸಿ ಒಣಗಿಸುವರು. ಅವು ನೈಜೀರಿಯಕ್ಕೆ ಹೋಗಿ ಅಲ್ಲಿನ ಸಾರುಗಳಿಗೆ ರುಚಿ ಕೊಡುವುವು. ಈ ಕೆಲಸವನ್ನು ಮಾಡಬಲ್ಲ ಯಂತ್ರವನ್ನು ತಾವು ಕಂಡಿಲ್ಲವೆಂದೂ, ಕಲಿಯಬಯಸುವ ತರುಣರು ತಮ್ಮ ಬಳಿಗೆ ಬರುವುದು ಅಪರೂಪವೆಂದೂ ಅವರು ಹೇಳಿದರು. ಪ್ರವಾಸಿಗರಿಗೆ ಮನೆ ಬಾಡಿಗೆ ಕೊಡುವುದರಲ್ಲಿ ಇದಕ್ಕಿಂತ ಹೆಚ್ಚಿನ ಗಳಿಕೆ ಇದೆಯಷ್ಟೆ.

ಆ ಕೆಂಪು ಮನೆಗಳ ವಿಷಯವೂ ಇದೇ. ಅವುಗಳಿಗೆ 'ರೋರ್ಬು' ಎಂದು ಹೆಸರು. ದೂರದ ತೀರಗಳಿಂದ ಹುಟ್ಟುಹಾಕಿಕೊಂಡು ಬಂದ ಮೀನುಗಾರರು ಚಳಿಗಾಲ ಕಳೆಯುತ್ತಿದ್ದ ಬಿಡಾರಗಳವು. ಕೆಮ್ಮಣ್ಣನ್ನು ಮೀನೆಣ್ಣೆಯಲ್ಲಿ ಕಲಸಿ ಬಳಿದರೆ ಮರಕ್ಕೆ ರಕ್ಷೆಯೂ ಆಗುತ್ತಿತ್ತು, ಅಗ್ಗವೂ ಆಗುತ್ತಿತ್ತು. ಛಾಯಾಗ್ರಾಹಕರು ಮೆಚ್ಚುವ ಆ ಕೆಂಪು ಹುಟ್ಟಿದುದು ಮೀನಿನಿಂದಲೇ. ಈಗ ಅವುಗಳಲ್ಲಿ ಹೆಚ್ಚಿನವು ಅತಿಥಿಗೃಹಗಳು.

ಇತಿಹಾಸವನ್ನು ಪ್ರವಾಸಿ ಕೈಪಿಡಿಗಳಲ್ಲಿ ಯಾರಾದರೂ ಓದಿಕೊಳ್ಳಬಹುದು. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಓಯ್‌ಸ್ಟೈನ್ ರಾಜನು ಇಂಥ ಬಿಡಾರಗಳನ್ನು ಮೊದಲು ಕಟ್ಟಿಸಿದನೆಂದು ಪ್ರತೀತಿ. ಹಡಗೊಡೆದು 1432ರಲ್ಲಿ ರೋಸ್ಟ್ ದ್ವೀಪವನ್ನು ಸೇರಿದ ವೆನಿಸ್ಸಿನ ವರ್ತಕ ಪಿಯೆತ್ರೊ ಕ್ವೆರೀನಿ ಒಣಮೀನಿನ ಸವಿಯನ್ನು ಇಟಲಿಗೆ ಒಯ್ದನೆನ್ನುತ್ತಾರೆ. ರೈನೆಯು 1743ರಿಂದ ವ್ಯಾಪಾರಕೇಂದ್ರ. 1941ರ ಡಿಸೆಂಬರಿನಲ್ಲಿ, ಬ್ರಿಟಿಷರ ದಾಳಿಗೆ ಪ್ರತೀಕಾರವಾಗಿ, ಜರ್ಮನರು ಅದರ ಒಂದು ಭಾಗವನ್ನು ಸುಟ್ಟರು. 2007ರಲ್ಲಿ ದೋಣಿಯ ಹಂಗಿಲ್ಲದೆ ಮುಖ್ಯಭೂಮಿಯಿಂದ ಬರುವ ರಸ್ತೆ ತೆರೆಯಿತು.

ರಸ್ತೆಯೊಡನೆ ವಾಹನಗಳು ಬಂದುವು. ಸಾವಿರ ಜನರ ಊರುಗಳಿಗೆ ಅಳತೆಯಾದ ಹಾದಿಯಂಚಿನಲ್ಲಿ ಕಾರುಗಳು ಸಾಲುಗಟ್ಟಿ, ಮೀನಿನ ಲಾರಿಗೆ ದಾರಿಯಿಲ್ಲದಾಗುವುದೆಂದೂ, ಶೌಚಾಲಯಗಳು ಸಾಲವೆಂದೂ, ಗಳಗಳ ಮೇಲೇರಿ ಚಿತ್ರ ತೆಗೆಸಿಕೊಳ್ಳುವವರು ಉಂಟೆಂದೂ ವ್ರಾಕರರ ದೂರು. ಯಾರು ಬೇಕಾದರೂ ಬೆಟ್ಟ ಬಯಲುಗಳಲ್ಲಿ ಸಂಚರಿಸಬಹುದೆಂಬ ಪುರಾತನ ಹಕ್ಕನ್ನು 1957ರ ಕಾಯಿದೆಯು ಸ್ಥಿರಪಡಿಸಿದೆ. ಆ ಔದಾರ್ಯವನ್ನು ಕಿತ್ತುಕೊಳ್ಳಲು ಇಲ್ಲಿ ಯಾರಿಗೂ ಇಷ್ಟವಿಲ್ಲ. ರೈನೆಯ ಮೇಲಿನ 448 ಮೀಟರ್ ಎತ್ತರದ ರೈನೆಬ್ರಿಂಗೆನ್ ಬೆಟ್ಟದ ಇಳಿಜಾರು ಕಾಲ್ತುಳಿತಕ್ಕೆ ಸವೆದು ಕಲ್ಲುಗಳು ಉರುಳತೊಡಗಿದಾಗ, ನೇಪಾಳದ ಶೆರ್ಪಾಗಳನ್ನು ಕರೆಸಿ ಎರಡು ಸಾವಿರದಷ್ಟು ಕಲ್ಲಿನ ಮೆಟ್ಟಿಲುಗಳನ್ನು ಕಟ್ಟಿಸಿದರು. ಹಿಮಾಲಯದ ಕೈಗಳು ಇಲ್ಲಿ ಕಲ್ಲು ಕೂರಿಸಿರುವುದು ನನಗೆ ಬಹು ಹಿತವೆನಿಸಿತು. ಆದರೆ ಹಿಮ ಕರಗುವವರೆಗೆ ಅದನ್ನು ಏರುವುದು ಕ್ಷೇಮವಲ್ಲ. ಪ್ರವಾಸಿಗರಿಂದ ಪುಟ್ಟ ಸುಂಕ ಎತ್ತಲು ಪುರಸಭೆಗಳಿಗೆ ಅವಕಾಶ ಕೊಡುವ ಕಾನೂನು 2025ರಲ್ಲಿ ಅಂಗೀಕಾರವಾಗಿದೆ. ಅದು ನ್ಯಾಯವೆಂದೇ ನನ್ನ ಅಭಿಪ್ರಾಯ.

ಇದಕ್ಕಿಂತ ದೊಡ್ಡ ಚಿಂತೆ ಕಡಲಿನದು. ಬಾರೆಂಟ್ಸ್ ಸಮುದ್ರದ ಕಾಡ್ ಮೀನಿಗೆ ನಾರ್ವೆಯೂ ರಷ್ಯವೂ ಕೂಡಿ ಗೊತ್ತುಪಡಿಸಿದ 2025ರ ಮಿತಿ 3,40,000 ಟನ್. 1991ರ ಬಳಿಕ ಅಲ್ಲಿಯವರೆಗೆ ಅದು ಅಷ್ಟು ಕಡಮೆಯಾಗಿರಲಿಲ್ಲ. ಬರಿದಾಗಿರುವ ಗಳಗಳನ್ನು ವ್ರಾಕರ್ ಕೈಯೆತ್ತಿ ತೋರಿಸಿದರು. ಬೇಸಗೆ ಬಂದೊಡನೆ ಅವರು ಉಗ್ರಾಣದೊಳಗೆ ಕುಳಿತು ದರ್ಜೆ ಕಟ್ಟುವರು. ಆಗ ಹೊರಗೆ ಇಡೀ ಇರುಳು ಬೆಳಕಿರುವುದರಿಂದ ಛಾಯಾಗ್ರಾಹಕರಿಗೂ ಸುಗ್ಗಿಯೇ. ತಮ್ಮ ಕೈಗಳ ಚಿತ್ರವನ್ನು ಕೇಳಿಕೊಂಡು ಆ ಬಾಗಿಲಿಗೆ ಬಂದವರು ಬಹಳ ಕಡಮೆ ಎಂದು ಅವರೆಂದರು. ರೈನೆಗೆ ಹೋಗುವ ಕನ್ನಡಿಗ ಛಾಯಾಗ್ರಾಹಕರು ಸೇತುವೆಯ ಚಿತ್ರವನ್ನು ಅವಶ್ಯವಾಗಿ ತೆಗೆಯಲಿ. ತೆಗೆದ ಮೇಲೆ, ಜೂನ್ ತಿಂಗಳಾಗಿದ್ದರೆ, ಉಗ್ರಾಣದ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳಲಿ. ಒಳಗೆ ಬೆಳಕು ಮಂದ, ವಾಸನೆ ತೀಕ್ಷ್ಣ. ವೇಗವಾದ ಲೆನ್ಸು ಬೇಕಾಗುತ್ತದೆ, ಟ್ರೈಪಾಡಿಗೆ ಜಾಗವಿರುವುದಿಲ್ಲ.