ಕೆಲಸ ಬಿಡಬಹುದು, ಕ್ರಮ ತಪ್ಪಬಾರದು

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ನಮ್ಮ ಕಾಮಗೆರೆ. ಅಲ್ಲಿನ ಹೋಲಿ ಕ್ರಾಸ್ ಆಸ್ಪತ್ರೆಯ ಸಿಸ್ಟರ್‌ಗಳನ್ನು ನೋಡಿಯೇ ನನಗೆ ನರ್ಸ್ ಆಗುವ ಆಸೆ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ ಸಿಕ್ಕ ಮೊದಲ ಕೆಲಸದಲ್ಲಿ ರಾತ್ರಿ ಪಾಳಿ ಹೆಚ್ಚು, ಬಿಡುವು ಕಮ್ಮಿ. ಬಿಟ್ಟರೆ ಊರಿಗೆ ಅಟ್ಟುತ್ತಾರೆಂದು ಹೆದರಿ ಎಂಟು ತಿಂಗಳು ಬಾಯಿ ಬಿಡಲಿಲ್ಲ. "ಯಾಕ್ ಮಗ, ದನಿಯೇ ಇಳ್ದೋಗದಲ್ಲ?" ಎಂದು ಅವ್ವ ಫೋನಿನಲ್ಲಿ ಕೇಳಿದ ದಿನ ನಿಯಮ ಓದಲು ಕುಳಿತೆ.

ಬ್ರಿಟನ್ನಿನ ಕೆಲಸದ ವೀಸಾ ಒಬ್ಬ ಪ್ರಾಯೋಜಕ ಮಾಲೀಕರಿಗೆ ಅಂಟಿಕೊಂಡಿರುತ್ತದೆ ನಿಜ. ಆದರೆ ಮಾಲೀಕರನ್ನು ಬದಲಿಸಲು ಕಾನೂನಿನಲ್ಲೇ ದಾರಿಯಿದೆ, ಹಳೆಯವರ ಒಪ್ಪಿಗೆ ಪತ್ರ ಬೇಕಿಲ್ಲ. ಹೊಸ ಮಾಲೀಕರಿಗೆ ಸರ್ಕಾರದ ಪ್ರಾಯೋಜಕ ಪರವಾನಗಿ ಇರಬೇಕು. ಅವರು ಹೊಸ ಪ್ರಾಯೋಜಕತ್ವ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಹಿಡಿದು ಹೊಸದಾಗಿ ವೀಸಾ ಅರ್ಜಿ ಹಾಕಬೇಕು. ತೀರ್ಮಾನ ಬರುವ ತನಕ ಹಳೆಯ ಕೆಲಸದಲ್ಲೇ ದುಡಿಯಬಹುದು. ಹೊಸದನ್ನು ಮಾತ್ರ ಶುರುಮಾಡುವಂತಿಲ್ಲ.

ನಡುವೆ ಕೆಲಸ ಹೋದರೆ, ಗೃಹ ಇಲಾಖೆಯ ಪತ್ರ ಬಂದ ಮೇಲೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಅಷ್ಟರಲ್ಲಿ ಹೊಸ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು.

ಗಲ್ಫ್‌ನಲ್ಲೂ ಗಾಳಿ ಬದಲಾಗಿದೆ. ಕತಾರ್ 2020ರಲ್ಲಿ ಕೆಲಸ ಬದಲಿಸಲು ಹಳೆಯ ಮಾಲೀಕರ ಒಪ್ಪಿಗೆ ಬೇಕೆಂಬ ಕಟ್ಟನ್ನು ತೆಗೆಯಿತು.

ನಮ್ಮೂರಿನಿಂದ ಹೊರಡುವ ತಂಗಿಯರೇ, ರಾಜೀನಾಮೆ ಮೊದಲಲ್ಲ. ಹೊಸ ವೀಸಾ ಮೊದಲು. ಕರಾರಿನಲ್ಲಿ, ಕೆಲಸ ಬಿಟ್ಟರೆ ಹಣ ವಾಪಸ್ ಕೇಳುವ ಷರತ್ತಿದೆಯೇ ಎಂದು ಸಹಿಗೆ ಮುಂಚೆ ಓದಿ. ಭಯಕ್ಕಿಂತ ತಿಳಿವಳಿಕೆ ದೊಡ್ಡದು.