ಬಿಸಿಲಿನ ಕೈಗೆಲಸ

ಬೇಸಗೆ ಕಾಲಿಟ್ಟೊಡನೆ ನಮ್ಮ ನಾಲಗೆಯ ಮೇಲೆ ಮೊದಲು ಬರುವುದು ದೂರು. ಇಬ್ಬರು ಪರಿಚಿತರು ಬೀದಿಯಲ್ಲಿ ಎದುರಾದರೆ, ಕುಶಲಪ್ರಶ್ನೆಗೂ ಮುಂಚೆ, "ಏನು ಸ್ವಾಮಿ, ಈ ವರ್ಷದ ಸೆಕೆ!" ಎಂಬ ಮಾತು ಬಂದೇ ಬರುತ್ತದೆ. ಆ ದೂರು ಸುಳ್ಳೆಂದು ವಾದಿಸಲು ನಾನು ಹೊರಟಿಲ್ಲ. ತಂಪಿನ ಊರೆಂದು ಹೆಸರಾದ ಬೆಂಗಳೂರಿನಲ್ಲಿಯೇ 2016ರ ಏಪ್ರಿಲಿನಲ್ಲಿ ಉಷ್ಣಮಾನ 39.2 ಡಿಗ್ರಿ ಸೆಂಟಿಗ್ರೇಡಿಗೆ ಏರಿತ್ತು. ರಾಯಚೂರು ಕಲಬುರಗಿಗಳವರು ಈ ಅಂಕಿಯನ್ನು ಕೇಳಿ ನಕ್ಕರೂ ನಕ್ಕಾರು. ಅನುಕೂಲವುಳ್ಳವರು ಉದಕಮಂಡಲಕ್ಕೋ ಕೆಮ್ಮಣ್ಣುಗುಂಡಿಗೋ ಹೊರಟುಹೋಗುತ್ತಾರೆ. ಇಲ್ಲದವರು ಕಿಟಕಿಗಳನ್ನು ಮುಚ್ಚಿ ಫ್ಯಾನಿನ ಕೆಳಗೆ ಚಾಪೆ ಹಾಸುತ್ತಾರೆ. ಎರಡೂ ಬಿಸಿಲಿಗೆ ಬೆನ್ನು ತಿರುಗಿಸುವ ಉಪಾಯಗಳೇ. ಮೂರನೆಯದೊಂದು ದಾರಿಯುಂಟು: ಬಿಸಿಲನ್ನೇ ಕೂಲಿಯಿಲ್ಲದ ಕೆಲಸಗಾರನನ್ನಾಗಿ ಮನೆಗೆ ಕರೆಯುವುದು. ಅವನ ಜೊತೆಗೂಡಿ ನಮ್ಮ ಕೈಯಿಂದ ಏನನ್ನಾದರೂ ಮಾಡಿದಾಗ ದೊರೆಯುವ ಸಣ್ಣ ಸಂತೋಷಗಳಲ್ಲಿ ನಾಲ್ಕನ್ನು ಮಾತ್ರ ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಮೊದಲನೆಯದು ಸಂಡಿಗೆ. ಇದೇನು ಅಡಿಗೆಯ ಪಾಠವೇ ಎಂದು ಕೆಲವರಾದರೂ ಹುಬ್ಬೇರಿಸಬಹುದು. ಆದರೆ ಸಂಡಿಗೆಯಲ್ಲಿ ಅಡಿಗೆ ಅರ್ಧ, ಬಿಸಿಲು ಅರ್ಧ. ಅಕ್ಕಿಯನ್ನು ನೆನೆಯಿಟ್ಟು ನುಣ್ಣಗೆ ರುಬ್ಬಿ, ಉಪ್ಪು, ಜೀರಿಗೆ, ಹಸಿಮೆಣಸಿನಕಾಯಿ, ಇಂಗು ಬೆರಸಿ, ಗಂಟಾಗದಂತೆ ಒಂದೇ ಸಮನೆ ತೊಳಸುತ್ತ ಬೇಯಿಸಬೇಕು. ಒದ್ದೆ ಮಾಡಿ ಹಿಂಡಿದ ಪಂಚೆಯನ್ನು ಮಾಳಿಗೆಯ ಮೇಲೆ ಹರಡಿ, ಬಿಸಿಲೇರುವ ಮುನ್ನ ಹಿಟ್ಟನ್ನು ಸೌಟಿನಿಂದ ಬಿಲ್ಲೆಬಿಲ್ಲೆಯಾಗಿ ಬಿಡಬೇಕು. ಸಂಜೆಯ ಹೊತ್ತಿಗೆ ಮೇಲುಭಾಗ ಗರಿಗಟ್ಟಿರುತ್ತದೆ. ಆಗ ಪಂಚೆಯನ್ನು ಮಗುಚಿ, ಹಿಂಬದಿಗೆ ನೀರು ಚಿಮುಕಿಸಿದರೆ, ಒಂದೊಂದಾಗಿ ಬಿಟ್ಟುಬರುತ್ತವೆ. ಮತ್ತೆರಡು ದಿನ ಬಿಸಿಲು ಕಂಡರೆ ಡಬ್ಬಕ್ಕೆ ಹೋಗುತ್ತವೆ. ಇದೆಲ್ಲವೂ ಅಶ್ವಿನಿ ಭರಣಿಯ ಮಳೆಗಳು ಹನಿಯುವುದಕ್ಕೆ ಮೊದಲೇ ಮುಗಿಯಬೇಕು.

ಒಣಗಿದ ಸಂಡಿಗೆ ಎಣ್ಣೆಗೆ ಬಿದ್ದೊಡನೆ ಹೂವಿನಂತೆ ಅರಳುವುದನ್ನು ನಾವೆಲ್ಲ ನೋಡಿದ್ದೇವೆ. ಏಕೆ ಅರಳುತ್ತದೆಂದು ಕೇಳಿದವರು ಕಡಮೆ. ಬೇಯುವಾಗ ಅಕ್ಕಿಯ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಒಡೆದು, ಒಂದರೊಡನೊಂದು ಕಲೆತುಹೋಗುತ್ತವೆ. ಬಿಸಿಲು ಆ ನೀರನ್ನು ಹೀರಿ, ಪಿಷ್ಟವನ್ನು ಗಾಜಿನಂತೆ ಗಡುಸು ಮಾಡುತ್ತದೆ. ಆದರೆ ಎಲ್ಲ ನೀರನ್ನೂ ಹೀರಲಾರದು. ಒಳಗೆ ಅಡಗಿ ಉಳಿದ ಅಲ್ಪಸ್ವಲ್ಪ ನೀರು ಕಾದ ಎಣ್ಣೆಯಲ್ಲಿ ತಟಕ್ಕನೆ ಆವಿಯಾಗುತ್ತದೆ. ನೀರು ಆವಿಯಾದಾಗ ಅದರ ಗಾತ್ರ 1,600 ಪಟ್ಟಿಗೂ ಮೇಲೆ ಹಿಗ್ಗುವುದರಿಂದ, ಶಾಖಕ್ಕೆ ಮೆತ್ತಗಾದ ಪಿಷ್ಟವನ್ನು ಅದು ಒಳಗಿನಿಂದ ಊದಿ ಹಿಗ್ಗಿಸಿ ಹೊರಟುಹೋಗುತ್ತದೆ. ನೀರು ಹೆಚ್ಚಾಗಿ ಉಳಿದಿದ್ದರೆ ಸಂಡಿಗೆ ಅರಳದೆ ಜಗಿಯುವಂತಾಗುತ್ತದೆ. ತೀರ ಒಣಗಿದ್ದರೆ ಊದುವವರೇ ಇಲ್ಲ. ಈ ಎರಡರ ನಡುವಣ ನೆಲೆಯನ್ನು ನಮ್ಮ ಹೆಂಗಸರು 'ಹದ' ಎಂಬ ಎರಡಕ್ಷರದಲ್ಲಿ ಹೇಳಿ ಮುಗಿಸಿದ್ದಾರೆ. ಅದನ್ನು ಅಳೆಯುವ ಉಪಕರಣ ಅವರ ಉಗುರು.

ಇಲ್ಲಿ ನನ್ನ ಮನೆಯ ಒಂದು ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಬಾಲ್ಯದಲ್ಲಿ ಬೇಸಗೆಯ ರಜೆಗೆ ಸೋದರತ್ತೆಯ ಮನೆಗೆ ಹೋಗುತ್ತಿದ್ದೆ. ಮಾಳಿಗೆಯ ಮೇಲೆ ಕಪ್ಪು ಕೊಡೆಯ ಕೆಳಗೆ ಕೋಲು ಹಿಡಿದು ಕುಳಿತು ಕಾಗೆ ಕಾಯುವುದು ನನ್ನ ಉದ್ಯೋಗ. ಹೊರಗೆ ಗರಿ, ಒಳಗೆ ಮೆತ್ತಗೆ ಇರುವ ಅರೆಯೊಣಗಿದ ಸಂಡಿಗೆಯ ರುಚಿಯನ್ನು ಬಲ್ಲವರೇ ಬಲ್ಲರು. ಸಂಜೆ ಲೆಕ್ಕದಲ್ಲಿ ಕಡಮೆ ಬಂದರೆ ಆ ಅಪರಾಧವನ್ನು ಕಾಗೆಯ ಮೇಲೆ ಹೊರಿಸುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ, ನಾಲ್ಕಕ್ಷರ ಕಲಿತು ಹಳೆಯದನ್ನು ಹೊಗಳುವ ಚಟ ಹತ್ತಿದಾಗ, "ಅತ್ತೆ, ಅವು ಎಂಥ ಸುಖದ ದಿನಗಳು!" ಎಂದೆ. ಅವರು ಸೊಪ್ಪು ಸೋಸುತ್ತಿದ್ದವರು ತಲೆಯೆತ್ತದೆ, "ನಿನಗೆ ಸುಖವಾಗಿತ್ತಪ್ಪಾ. ನಾಲ್ಕು ಗಂಟೆಗೆ ಎದ್ದು ಐದು ಸೇರಿನ ಹಿಟ್ಟು ತೊಳಸಿದವಳನ್ನು ಯಾರೂ ಕೇಳಲಿಲ್ಲ" ಎಂದರು.

ಆ ಮಾತು ನನ್ನನ್ನು ಬಹುಕಾಲ ಕಾಡಿತು. ಬೇಸಗೆಯ ಸೊಗಸನ್ನು ಕುರಿತು ನಾವು ಗಂಡಸರು ಬರೆದಿರುವ ಪ್ರಬಂಧಗಳಲ್ಲಿ ಪಾನಕವುಂಟು, ಹಪ್ಪಳವುಂಟು, ಮಾವಿನಕಾಯಿಯ ಉಪ್ಪಿನಕಾಯಿಯುಂಟು; ಒಲೆಯ ಮುಂದೆ ನಿಂತವರ ಬೆವರು ಮಾತ್ರ ಇಲ್ಲ. ಇಪ್ಪತ್ತು ಮಂದಿಯ ಮನೆಗೆ, ಬೇಡವೆನ್ನುವ ಹಕ್ಕಿಲ್ಲದೆ, ವರ್ಷವರ್ಷವೂ ಮಾಡುವ ಐದು ಸೇರಿನ ಸಂಡಿಗೆ ದುಡಿಮೆ. ತನ್ನಿಷ್ಟದಿಂದ, ತನ್ನ ಕೈಯಾರೆ, ಮನೆಯ ನಾಲ್ಕು ಮಂದಿ ಹಂಚಿಕೊಂಡು ಮಾಡುವ ಒಂದು ಪಾವಿನ ಸಂಡಿಗೆ ಆಟ. ಹಿಟ್ಟು ಒಂದೇ, ಬಿಸಿಲೂ ಒಂದೇ. ಆದುದರಿಂದ ಮುಂದೆ ನಾನು ಹೇಳುವ ಸಂತೋಷಗಳೆಲ್ಲಕ್ಕೂ ಈ ಕಟ್ಟಳೆಯನ್ನು ಮೊದಲೇ ಹಾಕಿಕೊಂಡುಬಿಡೋಣ: ಅನುಭವಿಸುವವನು ಮಾಡುವವನೂ ಆಗಿರಬೇಕು.

ಮಾಳಿಗೆಯಿಂದ ಇಳಿಯುವ ಮುನ್ನ ಮತ್ತೊಂದು ಕೆಲಸವುಂಟು. ಇದಕ್ಕೆ ಕಾಗೆ ಓಡಿಸುವ ಕೋಲೇ ಸಾಕು. ಕೋಲನ್ನು ಒಂದು ಹೂವಿನ ಕುಂಡದ ಮಣ್ಣಿನಲ್ಲಿ ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯೇ ಎಂಬುದನ್ನು ದಾರಕ್ಕೆ ಕಲ್ಲು ಕಟ್ಟಿದ ತೂಗುಗುಂಡಿನಿಂದ ನೋಡಿಕೊಳ್ಳಿ. ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ, ಕಾಲು ಗಂಟೆಗೊಮ್ಮೆ, ನೆರಳಿನ ತುದಿ ಬೀಳುವೆಡೆಯಲ್ಲಿ ಸುಣ್ಣದ ಕಡ್ಡಿಯಿಂದ ಒಂದು ಚುಕ್ಕಿಯಿಡಿ. ಕೊನೆಗೆ ಚುಕ್ಕಿಗಳನ್ನು ಕೂಡಿಸಿದರೆ ಸೂರ್ಯನೇ ಹಾಕಿದ ರಂಗವಲ್ಲಿ ಮೂಡುತ್ತದೆ. ಮಾರ್ಚ್ 21ರ ಸುಮಾರಿಗೆ ಈ ಗೆರೆ ಪೂರ್ವಪಶ್ಚಿಮವಾಗಿ ನೇರವಾಗಿರುತ್ತದೆ. ದಿನ ಕಳೆದಂತೆ ಅದು ಬಿಲ್ಲಿನಂತೆ ಬಾಗಿ, ಎರಡು ತುದಿಗಳೂ ದಕ್ಷಿಣಕ್ಕೆ ತಿರುಗುತ್ತವೆ. ಡಿಸೆಂಬರಿನಲ್ಲಿಯಾದರೋ ತುದಿಗಳು ಉತ್ತರಕ್ಕೆ. ಶಂಕುವನ್ನು ನೆಟ್ಟು, ಅದರ ಸುತ್ತ ವೃತ್ತವನ್ನೆಳೆದು, ನೆರಳಿನ ತುದಿ ಬೆಳಗ್ಗೆ ಮತ್ತು ಮಧ್ಯಾಹ್ನ ಆ ವೃತ್ತವನ್ನು ಮುಟ್ಟುವ ಎರಡು ಬಿಂದುಗಳಿಂದ ಪೂರ್ವಪಶ್ಚಿಮಗಳನ್ನು ಗೊತ್ತುಮಾಡುವ ವಿಧಾನವನ್ನು ಕಾತ್ಯಾಯನ ಶುಲ್ಬಸೂತ್ರ ಹೇಳಿದೆ. ಯಜ್ಞವೇದಿಕೆಗೆ ದಿಕ್ಕು ತೋರಿದ ಕೋಲು ಅದು. ನಮ್ಮ ಮಕ್ಕಳಿಗೆ ಭೂಗೋಳ ತೋರಲಾರದೆ?

ಈ ಕೋಲಿನ ಹಬ್ಬ ಏಪ್ರಿಲಿನಲ್ಲಿ ಬರುತ್ತದೆ. ಕರ್ಕಾಟಕ ಮಕರ ವೃತ್ತಗಳ ನಡುವಣ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ನಡುಹಗಲಿಗೆ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಬೆಂಗಳೂರಿಗೆ ಆ ದಿನ ಏಪ್ರಿಲ್ 24ರ ಸುಮಾರು, ಹೊತ್ತು 12 ಗಂಟೆ 17 ನಿಮಿಷದ ಆಸುಪಾಸು. ಸ್ವಲ್ಪ ದಕ್ಷಿಣಕ್ಕಿರುವ ಮೈಸೂರಿಗೆ ಒಂದೆರಡು ದಿನ ಮುಂಚೆ. ಕಲಬುರಗಿಗೆ ಮೇ ತಿಂಗಳ ಎರಡನೆಯ ವಾರದಲ್ಲಿ. ಎರಡನೆಯ ಸಲ, ಎಂದರೆ ಸೂರ್ಯನು ದಕ್ಷಿಣಕ್ಕೆ ಮರಳುವಾಗ, ನಮ್ಮಲ್ಲಿ ಮುಂಗಾರಿನ ಮೋಡ ಅಡ್ಡ ಬರುವುದೇ ಹೆಚ್ಚು. ಹೀಗಾಗಿ ಈ ನೋಟ ಬೇಸಗೆಯದೇ. ಆ ಗಳಿಗೆಯಲ್ಲಿ ಕೋಲಿನ ನೆರಳು ಕುಗ್ಗಿ ಕುಗ್ಗಿ ಅದರ ಬುಡದೊಳಗೇ ಸೇರಿಹೋಗುತ್ತದೆ. ದಿಲ್ಲಿಯವರಿಗೆ ಈ ಭಾಗ್ಯವಿಲ್ಲ. ಅವರ ಊರು ಕರ್ಕಾಟಕ ವೃತ್ತದ ಆಚೆಯದು. ನೆತ್ತಿ ಸುಡುತ್ತದೆಂದು ನಾವು ಬಯ್ಯುವ ಬಿಸಿಲು ಹೀಗೊಂದು ಕೌತುಕವನ್ನು ತೋರುವಾಗ ಊರಿನ ಬಹುಮಂದಿ ಊಟದ ಮನೆಯಲ್ಲಿ ಕುಳಿತಿರುತ್ತಾರೆಂಬುದು ನನಗೆ ವ್ಯಥೆಯ ಸಂಗತಿ. ತಲೆಗೆ ಒದ್ದೆ ವಸ್ತ್ರ ಹಾಕಿಕೊಂಡು ಐದು ನಿಮಿಷ ನಿಂತರೆ ಸಾಕು. ಅದಕ್ಕಿಂತ ಹೆಚ್ಚು ನಿಲ್ಲಿರೆಂದು ನಾನೂ ಹೇಳುವುದಿಲ್ಲ.

ಒಳಗೆ ಬಂದೊಡನೆ ಬೇಕಾಗುವುದು ನೀರು. ಶೀತಲಪೆಟ್ಟಿಗೆಯ ನೀರನ್ನು ನಾನು ಹಳಿಯುವುದಿಲ್ಲ. ಆದರೆ ಅದರಲ್ಲಿ ನಾವು ಮಾಡುವುದೇನೂ ಇಲ್ಲ. ಹೊಸ ಮಡಕೆಯೊಂದನ್ನು ತಂದು, ಒಂದು ದಿನ ನೀರಿನಲ್ಲಿ ನೆನೆಸಿ, ಗಾಳಿಯಾಡುವೆಡೆ ಒದ್ದೆ ಮರಳಿನ ಮೇಲೆ ಕೂರಿಸಿ ನೋಡಿ. ಮಡಕೆಯ ಸಣ್ಣ ರಂಧ್ರಗಳಲ್ಲಿ ಜಿನುಗಿದ ನೀರು ಹೊರಮೈಯಲ್ಲಿ ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಹತ್ತು ಲೀಟರಿನ ಮಡಕೆಯಿಂದ 100 ಗ್ರಾಂ ನೀರು ಹೀಗೆ ಹಾರಿಹೋದರೆ, ಹೊರಗಿನ ಶಾಖ ಒಳನುಗ್ಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಉಳಿದ ನೀರು ಹತ್ತಿರ ಹತ್ತಿರ ಆರು ಡಿಗ್ರಿ ತಣ್ಣಗಾಗುತ್ತದೆ. ಗಾಳಿ ಒಣಗಿದ್ದಷ್ಟೂ ಮಡಕೆಗೆ ಹುರುಪು ಹೆಚ್ಚು. ಆದುದರಿಂದಲೇ ಸುಡುವ ರಾಯಚೂರಿನಲ್ಲಿ ಅದು ಚೆನ್ನಾಗಿ ತಂಪಾಗುತ್ತದೆ, ಬೆವರಿಳಿಯುವ ಮಂಗಳೂರಿನಲ್ಲಿ ಸೋಮಾರಿಯಾಗುತ್ತದೆ. ಲಾವಂಚದ ಬೇರಿನ ತಟ್ಟಿಗೆ ನೀರು ಚಿಮುಕಿಸಿ ಕಿಟಕಿಗೆ ಕಟ್ಟುವುದರ ಗುಟ್ಟೂ ಇದೇ. ಪರಿಮಳ ಅದರ ಮೇಲೆ ಲಾಭ.

ಬಿಸಿಲು ಇಳಿದ ಮೇಲಿನ ಸರದಿ ಮಲ್ಲಿಗೆಯದು. ಬೇಸಗೆಯಲ್ಲಿ ದುಂಡುಮಲ್ಲಿಗೆಯ ಗಿಡ ಮೈತುಂಬ ಮೊಗ್ಗಾಗುವ ಕಾಲ. ಬೆಳಗ್ಗೆ ಬಿಡಿಸಿದ ಮೊಗ್ಗು ಗಿಡದಿಂದ ಬೇರಾದರೂ ತನ್ನ ವೇಳೆಯನ್ನು ಮರೆಯದೆ ಸಂಜೆಗೆ ಬಿರಿಯುತ್ತದೆ; ಪರಿಮಳವನ್ನು ಕಿತ್ತ ಮೇಲೂ ಹುಟ್ಟಿಸುತ್ತಲೇ ಇರುತ್ತದೆ. ಉತ್ತರದೇಶದ ಗಂಧಿಗರು ಎಳ್ಳಿನ ನಡುವೆ ಹೂವನ್ನು ಪದರಪದರವಾಗಿ ಹರಡಿ, ದಿನವೂ ಹೊಸ ಹೂವಿಟ್ಟು, ಆ ಎಳ್ಳಿನಿಂದ ಪರಿಮಳದ ಎಣ್ಣೆ ತೆಗೆಯುವುದು ಈ ಗುಣವನ್ನು ನಂಬಿಯೇ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ನೀರಿನಲ್ಲಿ ನೆನೆಸಿದ ಬಾಳೆಯ ನಾರು ಒಂದೆಳೆ, ಮಡಿಲಲ್ಲಿ ಒಂದು ಹಿಡಿ ಮೊಗ್ಗು. ಎರಡು ಈ ಕಡೆ, ಎರಡು ಆ ಕಡೆ ತೊಟ್ಟು ಸೇರಿಸಿ, ನಾರನ್ನು ಸುತ್ತಿ ಗಂಟು ಎಳೆಯಬೇಕು. ಎಳೆತ ಬಿಗಿಯಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲವಾದರೆ ಮೊಗ್ಗು ಉದುರುತ್ತದೆ. ಇಲ್ಲಿಯೂ ಮತ್ತೆ ಹದದ ಮಾತೇ. ಈ ಕೆಲಸವನ್ನು ಗಂಡುಮಕ್ಕಳಿಗೂ ಕಲಿಸಿದರೆ ಅವರ ಪೌರುಷಕ್ಕೆ ಭಂಗ ಬರುವುದಿಲ್ಲ. ದೇವಾಲಯಗಳ ಬಾಗಿಲಲ್ಲಿ ಹೂ ಕಟ್ಟುವವರಲ್ಲಿ ಮೀಸೆ ಹೊತ್ತವರೂ ಇದ್ದಾರೆ.

ಮೈಸೂರು ಬೆಂಗಳೂರುಗಳ ಹಳೆಯ ಮನೆಗಳಲ್ಲಿ ಇಂದಿಗೂ ಒಂದು ಬಗೆಯ ಭಾವಚಿತ್ರ ಗೋಡೆಯ ಮೇಲೆ ಕಾಣುವುದುಂಟು. ಎಂಟು ಹತ್ತು ವರ್ಷದ ಹುಡುಗಿ ಕನ್ನಡಿಗೆ ಬೆನ್ನು ಮಾಡಿ ನಿಂತಿರುತ್ತಾಳೆ. ಕನ್ನಡಿಯಲ್ಲಿ ಮೊಗ್ಗಿನ ಜಡೆ. ಜಡೆಯ ಉದ್ದಕ್ಕೂ ಮಲ್ಲಿಗೆಯ ಮೊಗ್ಗುಗಳನ್ನು ಸಾಲುಸಾಲಾಗಿ ಪೋಣಿಸಿ ಹೊಲಿದ ಈ ಶಿಲ್ಪ ಗಂಟೆಗಟ್ಟಲೆ ಕೆಲಸದ ಫಲ. ಅದರ ಆಯುಸ್ಸು ಒಂದು ಸಂಜೆ. ರಾತ್ರಿಗೆ ಮೊಗ್ಗುಗಳೆಲ್ಲ ಬಿರಿದು ವಿನ್ಯಾಸವೇ ಅಳಿಸಿಹೋಗುವುದು. ಚಿತ್ರ ತೆಗೆಸುವ ಆತುರ ಅದಕ್ಕೇ. ದುಂಡುಮಲ್ಲಿಗೆಯ ಗಿಡವಾದರೂ ಬೀಜದಿಂದ ಬೆಳೆಯುವುದು ವಿರಳ. ಕಡ್ಡಿ ನೆಟ್ಟೇ ಅದರ ವಂಶ ನಡೆಯಬೇಕು. ಎಂದಮೇಲೆ ನಿಮ್ಮ ಹಿತ್ತಿಲಿನ ಗಿಡ ಎಂದೋ ಯಾರೋ ನೆರೆಮನೆಯವರಿಗೆ ಮುರಿದುಕೊಟ್ಟ ಒಂದು ಕಡ್ಡಿಯ ಮುಂದುವರಿಕೆಯೇ ಸರಿ. ಕೇಳಿದವರಿಗೆ ನೀವೂ ಒಂದು ಕಡ್ಡಿ ಕೊಟ್ಟರೆ ನಷ್ಟವಿಲ್ಲ. ಹಿತ್ತಿಲಿಲ್ಲದವರಿಗೆ ಕುಂಡ ಸಾಕು.

ಇನ್ನು ನನ್ನ ಅತ್ತೆಯ ಮಾತಿಗೆ ಉತ್ತರ ಹೇಳಬೇಕಷ್ಟೆ. ಬಾಯಿಮಾತಿನಲ್ಲಿ ಹೇಳಲು ಧೈರ್ಯವಾಗದೆ, ಮರುವರ್ಷ ಅವರ ಮನೆಗೆ ಹೋದಾಗ ನಾನೇ ಒಂದು ಪಾವು ಅಕ್ಕಿ ನೆನೆಯಿಟ್ಟೆ. ಮೊದಲ ದಿನದ ಸಂಡಿಗೆ ಒಣಗುತ್ತಲೇ ಬಿರಿದು ಪುಡಿಯಾಯಿತು. ಅತ್ತೆ ಒಂದು ಚೂರನ್ನು ಉಗುರಿನಿಂದ ಮುರಿದು ನೋಡಿ, "ಹಿಟ್ಟು ಬೆಂದಿಲ್ಲ. ತೋಳು ನೋಯುತ್ತದೆಂದು ಬೇಗ ಇಳಿಸಿದ್ದೀಯೆ" ಎಂದರು. ನಿಜವಾಗಿಯೂ ತೋಳು ನೋಯುತ್ತಿತ್ತು. ಎರಡನೆಯ ಸಲ ಅವರು ಸಾಕೆನ್ನುವವರೆಗೂ ತೊಳಸಿದೆ. ಬಿಲ್ಲೆಗಳು ಗುಂಡಗೆ ಬರಲಿಲ್ಲ, ಆದರೂ ಬಿರಿಯಲಿಲ್ಲ. ಪಂಚೆ ಹರಡಿ, ಎಣಿಸಿ ನೋಡಿದೆ: ನೂರಹನ್ನೆರಡು. ಕಾಗೆ ಕಾಯುವವರು ಯಾರೆಂಬ ಪ್ರಶ್ನೆ ಬಂದಾಗ, ಎಪ್ಪತ್ತು ದಾಟಿದ್ದ ಅತ್ತೆ, ಆ ಕೆಲಸವನ್ನು ತಾವೇ ಕೇಳಿ ವಹಿಸಿಕೊಂಡರು. ಕುರ್ಚಿ ಹಾಕಿಸಿಕೊಂಡು, ಕಪ್ಪು ಕೊಡೆ ಬಿಚ್ಚಿ, ಮೊಣಕಾಲ ಮೇಲೆ ಕೋಲಿಟ್ಟುಕೊಂಡು ಮಧ್ಯಾಹ್ನವೆಲ್ಲ ಕುಳಿತಿದ್ದರು. ಸಂಜೆ ಪಂಚೆ ಮಗುಚುವಾಗ ಎಣಿಸಿದರೆ ಒಂಬತ್ತು ಕಡಮೆ. ಅವರ ಮುಖ ನೋಡಿದೆ. ಸೆರಗಿನಿಂದ ಬಾಯಿ ಒರಸಿಕೊಳ್ಳುತ್ತ, "ಹಾಳು ಕಾಗೆ" ಎಂದರು.