ಪದಗಳಿಗೂ ಕುಟುಂಬವಿದೆ

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದವರಿಗೆ ಪಾಠಕ್ಕಿಂತ ಮೊದಲು ಎದುರಾಗುವ ಕಷ್ಟ ಇಂಗ್ಲಿಷ್ ಪದಗಳದ್ದು. ವಿಷಯ ಗೊತ್ತಿದ್ದರೂ ಪ್ರಶ್ನೆಯಲ್ಲಿರುವ ಒಂದು ಪದ ಅರ್ಥವಾಗದೆ ಅಂಕ ಕೈತಪ್ಪುತ್ತದೆ. ಇದಕ್ಕಾಗಿ ಹಲವರು ದಿನಕ್ಕೆ ಇಪ್ಪತ್ತು ಪದಗಳ ಪಟ್ಟಿ ಬರೆದು ಬಾಯಿಪಾಠ ಮಾಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಹೆಚ್ಚಿನವು ಮರೆತಿರುತ್ತವೆ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳು ನೆನಪಿನಲ್ಲಿ ನಿಲ್ಲುವುದು ಕಷ್ಟ.

ಪದಗಳ ನಡುವಿನ ಸಂಬಂಧ ಹುಡುಕುವುದು ನಮ್ಮಲ್ಲಿ ಅನೇಕರಿಗೆ ಹೊಸದೇನಲ್ಲ. ಮದ್ರಸದಲ್ಲಿ ಅರಬಿ ಕಲಿತವರಿಗೆ ಗೊತ್ತು: ಕಿತಾಬ್ ಎಂದರೆ ಪುಸ್ತಕ, ಕಾತಿಬ್ ಎಂದರೆ ಬರೆಯುವವನು, ಮಕ್ತೂಬ್ ಎಂದರೆ ಬರೆದದ್ದು, ಮಕ್ತಬ್ ಎಂದರೆ ಬರೆಯುವ ಸ್ಥಳ. ಕಾಫ್, ತಾ, ಬಾ ಎಂಬ ಮೂರು ಅಕ್ಷರಗಳ ಮೂಲ ತಿಳಿದರೆ ಇವೆಲ್ಲ ಒಂದೇ ಕುಟುಂಬದವು ಎಂದು ತಾನಾಗಿ ಹೊಳೆಯುತ್ತದೆ.

ಇಂಗ್ಲಿಷಿನಲ್ಲೂ ಹೀಗೆಯೇ. ‘ಬರೆಯುವುದು’ ಎಂಬ ಅರ್ಥದ ಲ್ಯಾಟಿನ್ ಮೂಲವೊಂದು ಅಲ್ಲಿ ಸ್ಕ್ರೈಬ್, ಸ್ಕ್ರಿಪ್ಟ್ ಎಂಬ ರೂಪಗಳಲ್ಲಿ ಬರುತ್ತದೆ. ಮ್ಯಾನು ಎಂದರೆ ಕೈ. ಹಾಗಾಗಿ ಮ್ಯಾನುಸ್ಕ್ರಿಪ್ಟ್ ಎಂದರೆ ಹಸ್ತಪ್ರತಿ. ಇನ್‌ಸ್ಕ್ರಿಪ್ಷನ್ ಎಂದರೆ ಕಲ್ಲಿನ ಮೇಲೋ ಲೋಹದ ಮೇಲೋ ಕೆತ್ತಿದ ಬರಹ, ಅಂದರೆ ಶಾಸನ. ಹೆಸರು ಪಟ್ಟಿಗೆ ಬರೆದು ಕಡ್ಡಾಯವಾಗಿ ಸೇನೆಗೆ ಸೇರಿಸುವುದು ಕಾನ್‌ಸ್ಕ್ರಿಪ್ಷನ್. ಪ್ರಿಸ್ಕ್ರೈಬ್ ಮತ್ತು ಪ್ರೊಸ್ಕ್ರೈಬ್ ಕೇಳಲು ಹತ್ತಿರ, ಅರ್ಥದಲ್ಲಿ ಬಹಳ ದೂರ. ಪುಸ್ತಕವನ್ನು ಪ್ರಿಸ್ಕ್ರೈಬ್ ಮಾಡಿದರೆ ಅದು ಪಠ್ಯವಾಗುತ್ತದೆ. ಪ್ರೊಸ್ಕ್ರೈಬ್ ಮಾಡಿದರೆ ನಿಷೇಧಕ್ಕೆ ಒಳಗಾಗುತ್ತದೆ.

ಇಂಥ ಮೂಲಗಳು ನಮ್ಮ ಪಠ್ಯಪುಸ್ತಕಗಳಲ್ಲೇ ಇವೆ. ಜೀವಶಾಸ್ತ್ರದ ಹೈಡ್ರೋಫಿಲಿಕ್, ಹೈಡ್ರೋಫೋಬಿಕ್ ಪದಗಳನ್ನು ಬಿಡಿಸಿ ನೋಡಿ. ಹೈಡ್ರೋ ನೀರು, ಫಿಲ್ ಪ್ರೀತಿ, ಫೋಬ್ ಭಯ. ಈಗ ಬಿಬ್ಲಿಯೊಫೈಲ್ ಎಂದರೆ ಪುಸ್ತಕಪ್ರೇಮಿ, ಝೆನೊಫೋಬಿಯಾ ಎಂದರೆ ಪರಕೀಯರ ಬಗೆಗಿನ ಭಯ ಅಥವಾ ದ್ವೇಷ ಎಂಬುದು ಸುಲಭ. ವಾಣಿಜ್ಯ ವಿಭಾಗದವರ ಕ್ರೆಡಿಟ್‌ನಲ್ಲಿ ಇರುವುದು ‘ನಂಬು’ ಎಂಬ ಮೂಲ. ಕ್ರೆಡಿಬಲ್ ಎಂದರೆ ನಂಬಲರ್ಹ, ಕ್ರೆಡ್ಯುಲಸ್ ಎಂದರೆ ಯಾರು ಏನು ಹೇಳಿದರೂ ನಂಬಿಬಿಡುವ.

ಒಂದು ಎಚ್ಚರಿಕೆ ಬೇಕು. ಮೂಲ ಸುಳಿವನ್ನಷ್ಟೇ ಕೊಡುತ್ತದೆ. ಟ್ಯಾರಿಫ್ ಪದದ ಮೂಲ ಅರಬಿಯ ತಅರೀಫ್, ಅಂದರೆ ತಿಳಿಯಪಡಿಸುವುದು. ಅದೇ ಪದ ಉರ್ದುವಿನಲ್ಲಿ ತಾರೀಫ್ ಆಗಿ ಹೊಗಳಿಕೆಯಾಯಿತು, ಇಂಗ್ಲಿಷಿನಲ್ಲಿ ಸುಂಕ ಅಥವಾ ದರಪಟ್ಟಿಯಾಯಿತು. ಆದ್ದರಿಂದ ಊಹಿಸಿದ ಮೇಲೆ ನಿಘಂಟು ನೋಡಲೇಬೇಕು.

ಅಭ್ಯಾಸ ಕ್ರಮ ಸರಳ. ನೋಟ್‌ಬುಕ್ಕಿನಲ್ಲಿ ಒಂದು ಮೂಲಕ್ಕೆ ಒಂದು ಪುಟ ಮೀಸಲಿಡಿ. ಐದು ಪದ ಬರೆದು, ಪ್ರತಿಯೊಂದಕ್ಕೂ ನಿಮ್ಮದೇ ವಾಕ್ಯ ರಚಿಸಿ. ಮರುದಿನ, ಮೂರನೆಯ ದಿನ, ವಾರದ ನಂತರ ಅರ್ಥವನ್ನು ಕೈಯಿಂದ ಮುಚ್ಚಿ ನೆನಪಿಸಿಕೊಳ್ಳಿ. ವಾರಕ್ಕೆ ಎರಡು ಮೂಲಗಳಾದರೂ ಹತ್ತು ವಾರಗಳಲ್ಲಿ 100 ಪದಗಳು ನಿಮ್ಮವಾಗುತ್ತವೆ.

ಆರಂಭಕ್ಕೆ ‘ನೋಡು’ ಎಂಬ ಅರ್ಥದ ಸ್ಪೆಕ್ಟ್ ತೆಗೆದುಕೊಳ್ಳಿ: ಇನ್‌ಸ್ಪೆಕ್ಟ್, ಸ್ಪೆಕ್ಟೇಟರ್, ಪ್ರಾಸ್ಪೆಕ್ಟ್, ರೆಟ್ರೊಸ್ಪೆಕ್ಟ್, ಸರ್ಕಮ್‌ಸ್ಪೆಕ್ಟ್. ಮೊದಲು ಅರ್ಥ ನೀವೇ ಊಹಿಸಿ, ಆಮೇಲೆ ಗ್ರಂಥಾಲಯದ ನಿಘಂಟು ತೆರೆಯಿರಿ.